ನಾಲ್ಕು ತುಂಡು ಹೊಲ, ಒಂದು ಪಂಚಾಯಿತಿ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯಲ್ಲಿ ರಾಗಿ ಕೊಯ್ಲು ಶುರುವಾಗುವ ದಿನಗಳಲ್ಲಿ ಕೆಲವು ಹೊಲಗಳಿಗೆ ಕುಡುಗೋಲಿನ ಜೊತೆಗೆ ಅಳತೆಪಟ್ಟಿ, ಗೂಟ, ಹಗ್ಗ ಮತ್ತು ಒಂದು ತಕ್ಕಡಿಯೂ ಬರುತ್ತವೆ. ಬಂದ ನೌಕರ ಹೊಲದ ಮೂಲೆಯಿಂದ ಇಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಡ್ಡಕ್ಕೆ ಎಂದು ಮೊದಲೇ ಗೊತ್ತುಪಡಿಸಿದ ಸಂಖ್ಯೆಗಳಂತೆ ನಡೆದು ನಿಲ್ಲುತ್ತಾನೆ. ನಿಂತಲ್ಲಿ ಗೂಟ ಹೊಡೆದು ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕಕ್ಕೆ ಹಗ್ಗ ಕಟ್ಟುತ್ತಾನೆ. ಅದರೊಳಗಿನ ತೆನೆಯನ್ನಷ್ಟೇ ಕೊಯ್ದು, ಬಡಿದು, ತೂರಿ, ಕಾಳನ್ನು ತೂಗಿ ಬರೆದುಕೊಳ್ಳುತ್ತಾನೆ. ಇದಕ್ಕೆ ಸರ್ಕಾರದ ಭಾಷೆಯಲ್ಲಿ ಬೆಳೆ ಕಟಾವು ಪ್ರಯೋಗವೆಂದು ಹೆಸರು. (ಬೆಂಗಳೂರಿನವರಿಗೆ ತಿಪ್ಪಸಂದ್ರವೆಂದರೆ ಎಚ್.ಎ.ಎಲ್. ಪಕ್ಕದ ಬಡಾವಣೆ ನೆನಪಾಗುತ್ತದೆ. ಇದು ಆ ಊರಲ್ಲ, ರಾಗಿ ಮತ್ತು ಅವರೆಯ ಸೀಮೆ.)

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂದಂದಿನಿಂದ ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮೆಯ ಘಟಕ. ಒಂದು ಪಂಚಾಯಿತಿಯಲ್ಲಿ ಒಂದು ಪ್ರಮುಖ ಬೆಳೆಗೆ ಕನಿಷ್ಠ ನಾಲ್ಕು ಪ್ರಯೋಗ ನಡೆಯಬೇಕು. ಆ ನಾಲ್ಕರ ಸರಾಸರಿಯೇ ಇಡೀ ಪಂಚಾಯಿತಿಯ ಆ ವರ್ಷದ ಇಳುವರಿ. ಹಿಂದಿನ ಏಳು ವರ್ಷಗಳ ಪೈಕಿ ಉತ್ತಮವಾದ ಐದರ ಸರಾಸರಿಯಿಂದ ಲೆಕ್ಕ ಹಾಕಿದ ಖಾತರಿ ಇಳುವರಿಗಿಂತ ಈ ಅಂಕಿ ಕಡಿಮೆಯಾದರೆ, ಎಷ್ಟು ಭಾಗ ಕಡಿಮೆಯೋ ವಿಮೆ ಹಣದ ಅಷ್ಟು ಭಾಗ ವಿಮೆ ಮಾಡಿಸಿದ ಎಲ್ಲರಿಗೂ ಸಿಗುತ್ತದೆ. ಕಡಿಮೆಯಾಗದಿದ್ದರೆ ಯಾರಿಗೂ ಏನೂ ಇಲ್ಲ. ಪಕ್ಕದ ಹೊಲದವನದು ಒಣಗಿರಲಿ, ಬಿಡಲಿ.

ಇಪ್ಪತ್ತೈದು ಚದರ ಮೀಟರಿನ ನಾಲ್ಕು ಚೌಕ ಸೇರಿದರೆ ನೂರು ಚದರ ಮೀಟರ್. ಹಳ್ಳಿಯ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಒಂದು ಗುಂಟೆ. ಗುಂಟೆಗೆ 101 ಚದರ ಮೀಟರ್ ಮತ್ತು ಚೂರು. ಎಕರೆಗೆ ನಲವತ್ತು ಗುಂಟೆ. ಹತ್ತಾರು ಊರುಗಳ, ನೂರಾರು ಎಕರೆ ರಾಗಿಯ ಹಣೆಬರಹವನ್ನು ಬೇರೆ ಬೇರೆ ಕಡೆ ಚದುರಿದ ಒಂದು ಗುಂಟೆ ನೆಲ ಬರೆಯುತ್ತದೆ ಎಂದಾಯಿತು. ಇದು ನ್ಯಾಯವೇ ಎಂಬ ಪ್ರಶ್ನೆ ರೈತನಿಗೆ ಸಹಜವಾಗಿ ಬರುತ್ತದೆ. ನ್ಯಾಯದ ಮಾತಿಗೆ ಮುಂಚೆ ಇನ್ನೊಂದು ಪ್ರಶ್ನೆಯಿದೆ: ನಾಲ್ಕು ತೂಕಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಇದಕ್ಕೆ ಉತ್ತರ ಕಂಡುಹಿಡಿದವನು ಐರ್ಲೆಂಡಿನ ಡಬ್ಲಿನ್ ನಗರದ ಒಂದು ಬಿಯರ್ ಕಾರ್ಖಾನೆಯ ನೌಕರ. ಅವನೂ ನಾಲ್ಕರಿಂದಲೇ ಆರಂಭಿಸಿದ.

ಬೆಳೆಯನ್ನು ತೂಗಿ ನೋಡುವುದೇ ಇತ್ತೀಚಿನ ಪದ್ಧತಿ. ಅದಕ್ಕೆ ಮುಂಚೆ ಇದ್ದದ್ದು ಆಣೆವಾರಿ. ಪೂರ್ಣ ಬೆಳೆಯನ್ನು ಹದಿನಾರಾಣೆಯೆಂದು ಹಿಡಿದು, ಈ ವರ್ಷ ಹತ್ತಾಣೆ, ಎಂಟಾಣೆ ಎಂದು ಕಂದಾಯದ ನೌಕರರು ಕಣ್ಣಳತೆಯಲ್ಲಿ ಹೇಳುತ್ತಿದ್ದರು. ಕಂದಾಯ ಮಾಫಿಗೂ ಬರದ ಘೋಷಣೆಗೂ ಇದೇ ಆಧಾರವಾಗಿತ್ತು. ಕಣ್ಣಳತೆಯಲ್ಲಿ ಅನುಭವವಿತ್ತು ನಿಜ, ಆದರೆ ಯಾರ ಕಣ್ಣು ಎಂಬುದರ ಮೇಲೆ ಆಣೆಗಳು ಏರಿಳಿಯುತ್ತಿದ್ದವು. 1920ರ ದಶಕದಲ್ಲಿ ಬಿಹಾರ–ಒರಿಸ್ಸಾ ಪ್ರಾಂತದ ಅಧಿಕಾರಿ ಜಾನ್ ಹಬಕ್, ಭತ್ತದ ಗದ್ದೆಗಳಲ್ಲಿ ಅದೃಷ್ಟ ಬಂದಲ್ಲಿ ಸಣ್ಣ ತುಂಡುಗಳನ್ನು ಗುರುತಿಸಿ ಕೊಯ್ದು ತೂಗುವ ಪ್ರಯೋಗ ಮಾಡಿ 1927ರಲ್ಲಿ ವರದಿ ಪ್ರಕಟಿಸಿದ. ತುಂಡನ್ನು ಕೊಯ್ಯುವವನು ಆರಿಸಬಾರದು, ಸಂಖ್ಯೆ ಆರಿಸಬೇಕು ಎಂಬುದು ಅವನ ತತ್ವ. ತಿಪ್ಪಸಂದ್ರದ ಹೊಲದಲ್ಲಿ ಇಂದು ನೌಕರ ಎಣಿಸುವ ಹೆಜ್ಜೆಗಳ ಹಿಂದೆ ಇರುವುದು ಇದೇ ವಿಚಾರ.

ಇನ್ನು ಬಿಯರ್ ಕಾರ್ಖಾನೆಯ ಕಥೆ.

ವಿಲಿಯಂ ಸೀಲಿ ಗಾಸೆಟ್ ಹುಟ್ಟಿದ್ದು 1876ರಲ್ಲಿ, ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ. ಆಕ್ಸ್‌ಫರ್ಡಿನಲ್ಲಿ ಗಣಿತವನ್ನೂ ರಸಾಯನಶಾಸ್ತ್ರವನ್ನೂ ಓದಿ 1899ರಲ್ಲಿ ಡಬ್ಲಿನ್‌ನ ಗಿನ್ನೆಸ್ ಕಂಪನಿ ಸೇರಿದ. ಅದೇ 1899ರಲ್ಲಿ ಮೈಸೂರು ಸಂಸ್ಥಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಪ್ರಯೋಗಕ್ಕೆಂದು 30 ಎಕರೆ ಭೂಮಿ ಕೊಟ್ಟರು. ಒಂದು ಕಡೆ ಬಾರ್ಲಿ, ಇನ್ನೊಂದು ಕಡೆ ರಾಗಿ. ಎರಡೂ ಕಡೆ ಎದುರಾದ ತೊಡಕು ಮಾತ್ರ ಒಂದೇ. ಯಾವ ತಳಿ ಮೇಲು, ಯಾವ ಗೊಬ್ಬರ ಒಳ್ಳೆಯದು ಎಂದು ತಿಳಿಯಲು ಪ್ರಯೋಗ ಮಾಡಬೇಕು, ವರ್ಷಕ್ಕೊಂದೇ ಬೆಳೆ, ಪ್ರಯೋಗದ ತಾಕುಗಳು ಬೆರಳೆಣಿಕೆಯಷ್ಟು, ತಾಕಿನಿಂದ ತಾಕಿಗೆ ಮಣ್ಣು ಬೇರೆ. ಕಂಡ ವ್ಯತ್ಯಾಸ ತಳಿಯದೋ, ಮಣ್ಣಿನದೋ, ಬರೀ ಅದೃಷ್ಟದ್ದೋ?

ಆ ಹೊತ್ತಿಗೆ ಸಂಖ್ಯಾಶಾಸ್ತ್ರದ ಕೈಯಲ್ಲಿ ಒಂದು ಪ್ರಬಲ ಅಸ್ತ್ರವಿತ್ತು. ಜರ್ಮನಿಯ ಗೌಸ್‌ನ ಹೆಸರಿನಲ್ಲಿ ಪ್ರಸಿದ್ಧವಾದ, ಗಂಟೆಯ ಆಕಾರದ ವಕ್ರರೇಖೆ ಅದು. ಒಂದೇ ವಸ್ತುವನ್ನು ಮತ್ತೆ ಮತ್ತೆ ಅಳೆದರೆ ಅಳತೆಗಳು ಸರಾಸರಿಯ ಸುತ್ತ ಗುಂಪುಗೂಡುತ್ತವೆ, ದೂರ ಹೋದಂತೆ ವಿರಳವಾಗುತ್ತವೆ. ಎಷ್ಟು ದೂರದಲ್ಲಿ ಎಷ್ಟು ವಿರಳ ಎಂಬುದನ್ನು ಈ ರೇಖೆ ಹೇಳುತ್ತದೆ. ಆದರೆ ಇದನ್ನು ಬಳಸಬೇಕಾದರೆ ಅಳತೆಗಳು ಸಾಮಾನ್ಯವಾಗಿ ಎಷ್ಟು ಚದುರುತ್ತವೆ ಎಂಬುದು ಮೊದಲೇ ಗೊತ್ತಿರಬೇಕು. ಸಾವಿರಾರು ಅಳತೆ ಕೈಯಲ್ಲಿದ್ದರೆ ಆ ಚದುರುವಿಕೆಯನ್ನು ಅವುಗಳಿಂದಲೇ ಪತ್ತೆ ಮಾಡಿಕೊಳ್ಳಬಹುದು. ಲಂಡನ್ನಿನ ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಮತ್ತು ಅವನ ಶಿಷ್ಯರು ಹಾಗೆಯೇ ಮಾಡುತ್ತಿದ್ದರು. ಸಣ್ಣ ಮಾದರಿಗಳ ಗೋಜು ಅವರಿಗೆ ಬೇಕಿರಲಿಲ್ಲ. ಕಾರ್ಖಾನೆಯವನಿಗೆ ಆ ಐಷಾರಾಮವಿಲ್ಲ. ಗಾಸೆಟ್ 1904ರಲ್ಲಿ ಕಂಪನಿಗೆ ಒಂದು ಆಂತರಿಕ ವರದಿ ಬರೆದು, ಈ ಕೆಲಸಕ್ಕೆ ಗಣಿತಜ್ಞರ ನೆರವು ಬೇಕೆಂದ. 1906ರಿಂದ ಒಂದು ವರ್ಷ ಕಂಪನಿಯೇ ಅವನನ್ನು ಪಿಯರ್ಸನ್ನನ ಬಳಿಗೆ ಕಳಿಸಿತು.

ಅದರ ಫಲ, 1908ರ ಮಾರ್ಚಿನಲ್ಲಿ ‘ಬಯೊಮೆಟ್ರಿಕ’ ಪತ್ರಿಕೆಯಲ್ಲಿ ಬಂದ ಒಂದು ಲೇಖನ. ಕಾರ್ಖಾನೆಯ ಗುಟ್ಟು ಹೊರಬೀಳಬಾರದೆಂದು ನೌಕರರು ಸ್ವಂತ ಹೆಸರಿನಲ್ಲಿ ಬರೆಯುವುದಕ್ಕೆ ಗಿನ್ನೆಸ್ ಕಂಪನಿಯ ಒಪ್ಪಿಗೆ ಇರಲಿಲ್ಲ. ಹೀಗಾಗಿ ಲೇಖಕನ ಜಾಗದಲ್ಲಿ ಇದ್ದದ್ದು ‘ಸ್ಟೂಡೆಂಟ್’ ಎಂಬ ಅಂಕಿತ, ಅಂದರೆ ವಿದ್ಯಾರ್ಥಿ. ಅಂಕಿತನಾಮದಲ್ಲಿ ಬರೆಯುವ ಪರಂಪರೆ ಕನ್ನಡಿಗರಿಗೆ ಹೊಸದಲ್ಲ. ಆದರೆ ವಿಜ್ಞಾನದಲ್ಲಿ ಅಂಕಿತವೇ ಉಳಿದು ಹೆಸರು ಮರೆಯಾದ ಉದಾಹರಣೆಗಳು ಕಡಿಮೆ. ಇಂದಿಗೂ ಜಗತ್ತಿನ ಎಲ್ಲ ಪಠ್ಯಪುಸ್ತಕಗಳಲ್ಲಿ ಇರುವುದು ‘ಸ್ಟೂಡೆಂಟ್‌ನ ಟಿ-ಹಂಚಿಕೆ’ ಎಂದೇ. ಅವನು 1937ರ ಅಕ್ಟೋಬರಿನಲ್ಲಿ ತೀರಿಕೊಳ್ಳುವವರೆಗೂ ಆ ವಿದ್ಯಾರ್ಥಿ ಯಾರೆಂಬುದು ಆಪ್ತ ವಲಯದ ಹೊರಗೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ.

ಲೇಖನದಲ್ಲಿ ಗಣಿತವಿದೆ. ಗಣಿತಕ್ಕಿಂತ ಹೆಚ್ಚು ಮನಸ್ಸಿಗೆ ಹತ್ತುವುದು ಅದರಲ್ಲಿನ ಒಂದು ಪರೀಕ್ಷೆ. ಲಂಡನ್ನಿನ ಪೊಲೀಸ್ ದಾಖಲೆಗಳಿಂದ ತೆಗೆದ 3000 ಅಪರಾಧಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದದ ಅಳತೆಗಳು ಆಗಲೇ ಅಚ್ಚಾಗಿದ್ದವು. ಗಾಸೆಟ್ ಅವನ್ನು 3000 ರಟ್ಟಿನ ಚೂರುಗಳ ಮೇಲೆ ಬರೆದು, ಇಸ್ಪೀಟಿನೆಲೆಯಂತೆ ಚೆನ್ನಾಗಿ ಕಲೆಸಿ, ನಾಲ್ಕು ನಾಲ್ಕರಂತೆ ಎತ್ತಿಟ್ಟ. ನಾಲ್ಕರ 750 ಗುಂಪುಗಳಾದವು. 3000 ಮಂದಿಯ ನಿಜವಾದ ಸರಾಸರಿ ಅವನಿಗೆ ಗೊತ್ತಿತ್ತು. ಪ್ರತಿ ನಾಲ್ವರ ಸರಾಸರಿ ಆ ನಿಜದಿಂದ ಎಷ್ಟು ದೂರ ಬಿದ್ದಿದೆ, ಆ ದೂರ ಆ ನಾಲ್ವರೊಳಗಿನ ಚದುರುವಿಕೆಯ ಎಷ್ಟರಷ್ಟು ಎಂದು 750 ಬಾರಿ ಲೆಕ್ಕ ಹಾಕಿದ. ಗಣಕಯಂತ್ರವಿಲ್ಲದ ಕಾಲದಲ್ಲಿ ಇದು ಸಣ್ಣ ಕೆಲಸವಲ್ಲ. ಬಂದ ಉತ್ತರಗಳು ಗೌಸ್‌ನ ಗಂಟೆಗೆ ಹೊಂದಲಿಲ್ಲ. ಅವನೇ ಕಾಗದದ ಮೇಲೆ ಊಹಿಸಿದ್ದ ಇನ್ನೊಂದು ರೇಖೆಗೆ ಚೆನ್ನಾಗಿ ಹೊಂದಿದವು.

ಆ ರೇಖೆಯೂ ಗಂಟೆಯಂತೆಯೇ ಇದೆ. ನೆತ್ತಿ ಸ್ವಲ್ಪ ತಗ್ಗು, ಎರಡೂ ಬದಿಯ ಬಾಲ ದಪ್ಪ. ಬಾಲ ದಪ್ಪವೆಂದರೆ, ಸರಾಸರಿಯಿಂದ ಬಹುದೂರ ಬೀಳುವ ಘಟನೆಗಳು ಗೌಸ್ ಹೇಳಿದ್ದಕ್ಕಿಂತ ಹೆಚ್ಚು ಸಲ ನಡೆಯುತ್ತವೆ ಎಂದರ್ಥ. ಕಾರಣ ಕಷ್ಟವಾದದ್ದೇನಲ್ಲ. ಬಟ್ಟೆ ಅಳೆಯುವ ಗಜಕಡ್ಡಿ ಸರಿಯಾಗಿದ್ದರೆ ತಪ್ಪು ಬರುವುದು ಅಳೆಯುವವನ ಕೈಯಿಂದ ಮಾತ್ರ. ಅಳೆಯುವುದೇ ಹಿಗ್ಗುವ ಕುಗ್ಗುವ ರಬ್ಬರಿನ ಪಟ್ಟಿಯಿಂದ ಎಂದಾದರೆ ತಪ್ಪು ಎರಡು ಪಾಲು. ನಾಲ್ಕು ಅಳತೆಗಳಿಂದ ಸರಾಸರಿಯನ್ನು ಊಹಿಸುವುದರ ಜೊತೆಗೆ ಅವೆಷ್ಟು ಚದುರುತ್ತವೆ ಎಂಬುದನ್ನೂ ಅದೇ ನಾಲ್ಕರಿಂದ ಊಹಿಸಬೇಕು. ನಾಲ್ಕೂ ಅಕಸ್ಮಾತ್ತಾಗಿ ಒತ್ತೊತ್ತಾಗಿ ಬಿದ್ದರೆ, ಚದುರುವಿಕೆ ಬಹಳ ಕಡಿಮೆಯೆಂಬ ಭ್ರಮೆ ಹುಟ್ಟಿ ತಪ್ಪು ಸರಾಸರಿಯೂ ಖಚಿತವೆಂಬಂತೆ ಕಾಣುತ್ತದೆ. ಅಳತೆಗಳ ಸಂಖ್ಯೆ ಹೆಚ್ಚಿದಂತೆ ಪಟ್ಟಿ ಗಟ್ಟಿಯಾಗುತ್ತ ಹೋಗಿ ಸ್ಟೂಡೆಂಟ್‌ನ ರೇಖೆ ಗೌಸ್‌ನ ಗಂಟೆಯೊಳಗೆ ಕರಗಿಹೋಗುತ್ತದೆ. (ಈ ರೇಖೆಯನ್ನು ಜರ್ಮನಿಯ ಲ್ಯೂರೊತ್ ಎಂಬಾತ 1876ರಲ್ಲಿ, ಗಾಸೆಟ್ ಹುಟ್ಟಿದ ವರ್ಷವೇ, ಬೇರೊಂದು ದಾರಿಯಿಂದ ಕಂಡಿದ್ದ. ಹೊಲಕ್ಕೂ ಕಾರ್ಖಾನೆಗೂ ಅದನ್ನು ತಂದವನು ಗಾಸೆಟ್.)

ರಾಗಿಗೆ ಮರಳೋಣ. ಲೆಕ್ಕಕ್ಕಾಗಿ, ಒಂದು ಪಂಚಾಯಿತಿಯ ನಾಲ್ಕು ಚೌಕಗಳಲ್ಲಿ 3, 4, 5, 6 ಕಿಲೋ ರಾಗಿ ಬಂತೆಂದು ಇಟ್ಟುಕೊಳ್ಳಿ. ಸರಾಸರಿ ನಾಲ್ಕೂವರೆ ಕಿಲೋ, ಅಂದರೆ ಎಕರೆಗೆ ಸುಮಾರು 7.3 ಕ್ವಿಂಟಲ್. ಮಾಗಡಿ ಕಡೆಯ ನೆಲ ಬಲ್ಲವರಿಗೆ ಇಂಥ ಏರುಪೇರು ಅಚ್ಚರಿಯಲ್ಲ. ದಿಣ್ಣೆಯ ಮೇಲಿನ ಕಲ್ಲುಮಿಶ್ರಿತ ಕೆಂಪು ಮಣ್ಣಿನಲ್ಲಿ ಒಣಗಿದ ರಾಗಿ ಕೆಳಗಿನ ತಗ್ಗಿನಲ್ಲಿ ತಲೆತೂಗುತ್ತಿರುತ್ತದೆ. ಒಂದು ಹೊಲಕ್ಕೆ ಬೆಂಕಿ ರೋಗ ಬಿದ್ದು ಬದುವಿನಾಚೆಯದು ಉಳಿದಿರುತ್ತದೆ. ಈಗ ಕೇಳಬೇಕಾದ್ದು: ಪಂಚಾಯಿತಿಯ ಎಲ್ಲ ರಾಗಿಯನ್ನೂ ಹೀಗೆ ಚೌಕ ಚೌಕವಾಗಿ ಕೊಯ್ದು ತೂಗಿದ್ದರೆ ಬರುತ್ತಿದ್ದ ನಿಜವಾದ ಸರಾಸರಿ ಎಲ್ಲಿರಬಹುದು?

ಗೌಸ್‌ನ ಗಂಟೆಯನ್ನು ಹಾಗೆಯೇ ಬಳಸಿದರೆ ಶೇ 95ರ ಭರವಸೆಯೊಡನೆ ಎಕರೆಗೆ 5.2ರಿಂದ 9.3 ಕ್ವಿಂಟಲ್ ಎಂಬ ಉತ್ತರ ಬರುತ್ತದೆ. ಆ ಭರವಸೆ ಸುಳ್ಳು. ನಾಲ್ಕೇ ಅಳತೆಗಳಿರುವಾಗ ಈ ಲೆಕ್ಕ ನೂರಕ್ಕೆ ಐದು ಸಲವಲ್ಲ, ಹದಿನಾಲ್ಕು ಸಲಕ್ಕೂ ಹೆಚ್ಚು ತಪ್ಪುತ್ತದೆ. ಗಾಸೆಟ್ಟನ ಕೋಷ್ಟಕದ ಪ್ರಕಾರ ಗಂಟೆಯ 1.96ರ ಬದಲು 3.18ರಿಂದ ಗುಣಿಸಬೇಕು. ಆಗ ಬರುವ ಮಿತಿ 4ರಿಂದ 10.6 ಕ್ವಿಂಟಲ್. ಒಂದು ತುದಿಯಲ್ಲಿ ಬರಗಾಲ, ಇನ್ನೊಂದು ತುದಿಯಲ್ಲಿ ಸುಗ್ಗಿ. ನಾಲ್ಕು ಚೌಕಗಳಿಂದ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟೇ.

ಇಂಥ ಅನಿಶ್ಚಯ ಹಣದ ಮೇಲೆ ಹೇಗೆ ಕೂರುತ್ತದೆಂದೂ ನೋಡಬಹುದು. ಖಾತರಿ ಇಳುವರಿ ಚೌಕಕ್ಕೆ ಐದು ಕಿಲೋ ಎಂದಿಟ್ಟುಕೊಂಡರೆ, ನಾಲ್ಕೂವರೆ ಕಿಲೋ ಸರಾಸರಿಗೆ ಶೇ 10 ಕೊರತೆ. ವಿಮೆ ಹಣದ ಹತ್ತನೇ ಒಂದು ಭಾಗ ಪರಿಹಾರ. ಆರು ಕಿಲೋ ಬಂದ ಚೌಕದ ಬದಲು ಸಂಖ್ಯೆಯ ಆಟದಲ್ಲಿ ಎಂಟು ಕಿಲೋ ಕೊಡುವ ಹೊಲ ಬಿದ್ದಿದ್ದರೆ? ಸರಾಸರಿ ಸರಿಯಾಗಿ ಐದು. ಪರಿಹಾರ ಸೊನ್ನೆ. ಹಾಗೆಯೇ ಬದಲಿಗೆ ಎರಡು ಕಿಲೋ ಹೊಲ ಬಿದ್ದಿದ್ದರೆ ಕೊರತೆ ಶೇ 30. ಮೂರು ಸನ್ನಿವೇಶಗಳಲ್ಲೂ ಪಂಚಾಯಿತಿಯ ನಿಜವಾದ ಬೆಳೆ ಒಂದೇ.

ಸ್ವಾರಸ್ಯದ ಸಂಗತಿಯೆಂದರೆ 1908ರ ಆ ಮೂಲ ಕೋಷ್ಟಕ ಎಲ್ಲ ಸಂಖ್ಯೆಗಳಿಗೂ ಇರಲಿಲ್ಲ. ನಾಲ್ಕು ಅಳತೆಗಳಿಂದ ಹತ್ತು ಅಳತೆಗಳವರೆಗೆ ಮಾತ್ರ ಗಾಸೆಟ್ ಲೆಕ್ಕ ಹಾಕಿಕೊಟ್ಟಿದ್ದ. ಫಸಲ್ ಬಿಮಾ ನಿಯಮದಲ್ಲಿ ಪಂಚಾಯಿತಿಗೆ ನಾಲ್ಕು ಪ್ರಯೋಗ, ಹೋಬಳಿಗೆ ಹತ್ತು. ಕಾಕತಾಳೀಯವೇ ಇರಬೇಕು. ಆದರೂ ಡಬ್ಲಿನ್‌ನ ನೌಕರ ಮಾಗಡಿಯ ತಹಸೀಲ್ದಾರರಿಗೆಂದೇ ಮಾಡಿಟ್ಟಂತಿದೆ ಆ ಕೋಷ್ಟಕ.

ಗಾಸೆಟ್ಟನ ಕೆಲಸಕ್ಕೆ ಪಿಯರ್ಸನ್ ಹೆಚ್ಚು ಬೆಲೆ ಕೊಡಲಿಲ್ಲ. ಬೆಲೆ ತಿಳಿದವನು ರೊನಾಲ್ಡ್ ಫಿಶರ್. 1912ರಲ್ಲಿ, ಇನ್ನೂ ಇಪ್ಪತ್ತೆರಡರ ಹರೆಯದ ಫಿಶರ್, ಗಾಸೆಟ್ಟನ ಊಹೆಗೆ ಕಟ್ಟುನಿಟ್ಟಾದ ಗಣಿತದ ಸಾಧನೆಯನ್ನು ಪತ್ರದಲ್ಲಿ ಬರೆದು ಕಳಿಸಿದ. ಮುಂದೆ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿ, ಸೂತ್ರವನ್ನು ಇಂದಿನ ‘ಟಿ’ ರೂಪಕ್ಕೆ ತಂದು, 1925ರ ತನ್ನ ಪುಸ್ತಕದ ಮೂಲಕ ಜಗತ್ತಿನ ಪ್ರಯೋಗಶಾಲೆಗಳಿಗೆಲ್ಲ ಹಂಚಿದವನೂ ಅವನೇ. ಔಷಧದ ಪರೀಕ್ಷೆಯಿಂದ ಮನಶ್ಶಾಸ್ತ್ರದವರೆಗೆ ಎರಡು ಗುಂಪುಗಳ ಸರಾಸರಿ ಹೋಲಿಸುವಾಗಲೆಲ್ಲ ಇದು ಬರುತ್ತದೆ. ಗಾಸೆಟ್ಟನ ಮೊದಲ ಲೇಖನದಲ್ಲೇ ನಿದ್ರೆ ಬರಿಸುವ ಔಷಧವನ್ನು ಹತ್ತು ರೋಗಿಗಳ ಮೇಲೆ ಪರೀಕ್ಷಿಸಿದ ಉದಾಹರಣೆಯಿತ್ತು.

ಹೆಬ್ಬಾಳಕ್ಕೆ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸರ್ಕಾರದ ವಿಜ್ಞಾನಿಯಾಗಿ ಬಂದದ್ದು ಸ್ಟೂಡೆಂಟನ ಲೇಖನ ಬಂದ 1908ರಲ್ಲೇ. ಮುಂದೆ ಅವರು ಸಂಸ್ಥಾನದ ಕೃಷಿ ನಿರ್ದೇಶಕರಾದರು. ರಾಗಿಯ ಆಯ್ಕೆ ತಳಿಗಳ ಕೆಲಸ ಅಲ್ಲಿ ಬೇರೂರಿತು. 1960ರ ದಶಕದ ಬಳಿಕ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನೂ ಭಾರತದ ರಾಗಿಯನ್ನೂ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಕೃಷಿ ವಿಶ್ವವಿದ್ಯಾನಿಲಯದ ಯಾವುದೇ ತಳಿ ಪರೀಕ್ಷೆಯ ವರದಿಯನ್ನು ತೆರೆದರೂ ಇಳುವರಿಯ ಪಟ್ಟಿಯ ಕೆಳಗೆ ‘ಸಿ.ಡಿ.’ ಎಂಬ ಎರಡಕ್ಷರದ ಎದುರು ಒಂದು ಅಂಕಿ ಕಾಣುತ್ತದೆ. ಎರಡು ತಳಿಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಲೆಕ್ಕಕ್ಕೆ. ಇಲ್ಲವಾದರೆ ಅದು ಮಣ್ಣಿನ ಆಟವಿದ್ದೀತು ಎಂದರ್ಥ. ಆ ಅಂಕಿ ಹುಟ್ಟುವುದು ಗಾಸೆಟ್ಟನ ‘ಟಿ’ಯಿಂದಲೇ. ರೈತನ ಹೊಲಕ್ಕೆ ಬರುವ ಬಿತ್ತನೆ ಬೀಜ ಹೀಗೆ ‘ಟಿ’ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದಿರುತ್ತದೆ. ಅದೇ ಹೊಲದಿಂದ ಹೊರಟ ಇಳುವರಿಯ ಅಂಕಿಗೆ ಮಾತ್ರ ಪರಿಹಾರದ ಪಟ್ಟಿಯಲ್ಲಿ ಇಂಥ ಬಾಲಂಗೋಚಿ ಇಲ್ಲ. ಅಲ್ಲಿ ಸರಾಸರಿ ಒಂಟಿಯಾಗಿ, ಪ್ರಶ್ನಾತೀತವಾಗಿ ನಿಂತಿರುತ್ತದೆ.

ಭಾರತದಲ್ಲಿ ಈ ವಿದ್ಯೆ ನೆಲೆಗೊಂಡದ್ದು ಕಲ್ಕತ್ತೆಯಲ್ಲಿ. ಪ್ರಶಾಂತಚಂದ್ರ ಮಹಲನೋಬಿಸ್ 1931ರಲ್ಲಿ ಅಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಒಂದು ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲಿದೆ. ಗಾಸೆಟ್ ತೀರಿಕೊಂಡ ಕೆಲವೇ ತಿಂಗಳಲ್ಲಿ, 1938ರ ಜನವರಿಯಲ್ಲಿ, ಕಲ್ಕತ್ತೆಯ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಫಿಶರ್ ಅಧ್ಯಕ್ಷರಾಗಿ ಬಂದಿದ್ದರು. ಅದೇ ಸುಮಾರಿಗೆ ಆರ್.ಸಿ. ಬೋಸ್ ಮತ್ತು ಎಸ್.ಎನ್. ರಾಯ್ ಅಲ್ಲಿ ಗಾಸೆಟ್ಟನ ಉಪಾಯವನ್ನು ಒಂದೇ ಅಳತೆಯಿಂದ ಹಲವು ಅಳತೆಗಳಿಗೆ ವಿಸ್ತರಿಸುತ್ತಿದ್ದರು. 1941ರಲ್ಲಿ ಆ ಸಂಸ್ಥೆಯ ಮೆಟ್ಟಿಲೇರಿದ ತರುಣ ಸಿ.ಆರ್. ರಾವ್, ತೆಲುಗು ಮನೆತನದವರಾದರೂ, ಹುಟ್ಟಿದ್ದು ಆಗಿನ ಬಳ್ಳಾರಿ ಜಿಲ್ಲೆಯ ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಕೇಂಬ್ರಿಜ್‌ನಲ್ಲಿ ಫಿಶರನ ಶಿಷ್ಯರಾಗಿ 1948ರಲ್ಲಿ ಪಿಎಚ್‌.ಡಿ. ಪಡೆದರು. ಮಾದರಿಯಿಂದ ಮಾಡುವ ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲದು, ಅದಕ್ಕೆ ದಾಟಲಾಗದ ಗೆರೆ ಯಾವುದು ಎಂಬುದನ್ನು 1945ರ ಒಂದು ಲೇಖನದಲ್ಲಿ ತೋರಿಸಿಕೊಟ್ಟವರು ಅವರು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದ ವರ್ಷವೇ ನಿಧನರಾದರು. ಹಡಗಲಿಯ ಹೆಸರು ಮಲ್ಲಿಗೆಗೆ ನೆನಪಾದಷ್ಟು ರಾಯರಿಗೆ ನೆನಪಾಗುವುದಿಲ್ಲವೆಂಬುದು ಬೇರೆ ಮಾತು.

ಬೆಳೆ ಕಟಾವಿನ ವಿಷಯದಲ್ಲಿ ಕಲ್ಕತ್ತೆಗೂ ದೆಹಲಿಗೂ 1940ರ ದಶಕದಲ್ಲಿ ಒಂದು ಖಡಾಖಡಿ ಚರ್ಚೆಯೇ ನಡೆಯಿತು. ಕೆಲವೇ ಅಡಿಗಳ ಸಣ್ಣ ವೃತ್ತಗಳನ್ನು ಬಹಳ ಕಡೆ ಕೊಯ್ಯುವುದು ಮಹಲನೋಬಿಸರ ದಾರಿ. ದೆಹಲಿಯ ಕೃಷಿ ಸಂಶೋಧನಾ ಪರಿಷತ್ತಿನ ಪಾಂಡುರಂಗ ಸುಖಾತ್ಮೆ ಇದನ್ನು ಒಪ್ಪಲಿಲ್ಲ. ತುಂಡು ಸಣ್ಣದಾದಷ್ಟೂ ಅದರ ವಿಸ್ತೀರ್ಣಕ್ಕೆ ಹೋಲಿಸಿದರೆ ಅಂಚು ಉದ್ದ. ಹಗ್ಗದ ಮೇಲೆ ನಿಂತ ಪೈರನ್ನು ಒಳಗೋ ಹೊರಗೋ ಎಂದು ತೀರ್ಮಾನಿಸುವಾಗ ಕೊಯ್ಯುವವನ ಕೈ ಒಳಕ್ಕೇ ವಾಲುತ್ತದೆ. ಹಾಗಾಗಿ ಸಣ್ಣ ತುಂಡುಗಳು ಇಳುವರಿಯನ್ನು ಹೆಚ್ಚಾಗಿ ತೋರಿಸುತ್ತವೆ ಎಂದು 1946ರಲ್ಲಿ ಅಂಕಿಗಳ ಸಮೇತ ವಾದಿಸಿದರು. ಈ ಚರ್ಚೆ ಇಂದಿಗೂ ಪ್ರಸ್ತುತ. ಏಕೆಂದರೆ ಗಾಸೆಟ್ಟನ ಸೂತ್ರ ಅದೃಷ್ಟದ ಏರುಪೇರಿಗಷ್ಟೇ ಮದ್ದು. ಗೂಟವನ್ನು ಒಂದು ಹೆಜ್ಜೆ ಹೊಲುಸಾದ ಪೈರಿನ ಕಡೆಗೆ ಸರಿಸಿದರೆ, ಅಥವಾ ಸೊರಗಿದ ಕಡೆಗೆ ಸರಿಸಿದರೆ, ಹಸಿ ಕಾಳನ್ನು ಒಣಗಿಸದೆ ತೂಗಿದರೆ, ಅಕ್ಕಡಿ ಸಾಲಿನ ಅವರೆ ಹಿಡಿದ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ ತಪ್ಪನ್ನು ಯಾವ ಕೋಷ್ಟಕವೂ ಹಿಡಿಯಲಾರದು. ರೈತರು ಮತ್ತು ವಿಮಾ ಕಂಪನಿಗಳ ಪರಸ್ಪರ ಅನುಮಾನ ಸುಳಿಯುವುದು ಇಂಥ ತಪ್ಪುಗಳ ಸುತ್ತಲೇ. ಮೊಬೈಲ್‌ನಲ್ಲಿ ಚಿತ್ರ, ಸ್ಥಳದ ಗುರುತು ದಾಖಲಿಸುವ ಏರ್ಪಾಡು ಬಂದಿರುವುದೂ ಅದಕ್ಕೇ. ಆದರೆ ಎಲ್ಲರೂ ಸಂಪೂರ್ಣ ಪ್ರಾಮಾಣಿಕರಾಗಿದ್ದರೂ 4ರಿಂದ 10.6ರ ಆ ಅಗಲ ಹಾಗೆಯೇ ಉಳಿಯುತ್ತದೆ. ಪತ್ರಿಕೆಗಳಲ್ಲಿ ಬರುವ ವಿಮೆಯ ಜಗಳಗಳಲ್ಲಿ ಈ ಎರಡನ್ನೂ ಬೇರ್ಪಡಿಸಿ ನೋಡುವವರು ಅಪರೂಪ.

ಒಬ್ಬೊಬ್ಬರ ಹೊಲದ ನಷ್ಟವನ್ನು ಬೇರೆ ಬೇರೆ ಅಳೆಯದೆ ಒಂದು ಪ್ರದೇಶಕ್ಕೆಲ್ಲ ಒಂದೇ ಅಳತೆ ಇಡುವ ವಿಮೆಯ ಕಲ್ಪನೆ ಹುಟ್ಟಿದ್ದೂ ಈ ನಾಡಿನಲ್ಲೇ. ಮೈಸೂರು ಸಂಸ್ಥಾನದ ಹಣಕಾಸು ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿ 1915ರ ಸುಮಾರಿಗೆ ಇಂಥದೊಂದು ಯೋಜನೆ ರೂಪಿಸಿ 1920ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅವರು ಬೆಳೆಯನ್ನು ಅಳೆಯುವ ಗೊಡವೆಗೇ ಹೋಗಲಿಲ್ಲ. ಮಳೆಮಾಪಕದಲ್ಲಿ ದಾಖಲಾದ ಮಳೆ ಗೊತ್ತಾದ ಪ್ರಮಾಣಕ್ಕಿಂತ ಕಡಿಮೆಯಾದರೆ ಆ ಪ್ರದೇಶದವರಿಗೆಲ್ಲ ಹಣ. ಮಳೆಮಾಪಕದ ಜೊತೆ ಯಾರೂ ವಾದ ಮಾಡಲಾಗದು ಎಂಬ ಅವರ ತರ್ಕ ಜಾಣತನದ್ದು. ಸಂಸ್ಥಾನ ಅದನ್ನು ಜಾರಿಗೆ ತರಲಿಲ್ಲ. ಪ್ರದೇಶದ ಸರಾಸರಿ ಇಳುವರಿಯನ್ನೇ ಆಧಾರವಾಗಿಟ್ಟುಕೊಳ್ಳುವ ವಾದವನ್ನು 1976ರಲ್ಲಿ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ಮುಂದಿಟ್ಟರು. 1985ರ ಸಮಗ್ರ ಬೆಳೆ ವಿಮೆ, 1999ರ ರಾಷ್ಟ್ರೀಯ ಕೃಷಿ ವಿಮೆ, ಈಗಿನ ಫಸಲ್ ಬಿಮಾ ಎಲ್ಲವೂ ಅದೇ ದಾರಿಯಲ್ಲಿ ಬಂದವು.

ದಾರಿಯುದ್ದಕ್ಕೂ ರೈತರ ಬೇಡಿಕೆ ಒಂದೇ: ಘಟಕ ಚಿಕ್ಕದಾಗಲಿ. ಸಾವನದುರ್ಗದ ಈ ಮಗ್ಗುಲಿಗೆ ಬಿದ್ದ ಮಳೆ ಆ ಮಗ್ಗುಲಿಗೆ ಬೀಳುವುದಿಲ್ಲ. ತಾಲ್ಲೂಕಿನ ಸರಾಸರಿ ಕಟ್ಟಿಕೊಂಡು ಒಣಗಿದ ಊರಿಗೆ ಏನು ಪ್ರಯೋಜನ? ಬೇಡಿಕೆ ನ್ಯಾಯವಾದದ್ದು. ಸರ್ಕಾರವೂ ತಾಲ್ಲೂಕಿನಿಂದ ಹೋಬಳಿಗೆ, ಹೋಬಳಿಯಿಂದ ಪಂಚಾಯಿತಿಗೆ ಇಳಿಯಿತು. ಇಳಿದಂತೆ ಪ್ರಯೋಗಗಳ ಸಂಖ್ಯೆಯೂ ತಾಲ್ಲೂಕಿಗೆ 16, ಹೋಬಳಿಗೆ 10, ಪಂಚಾಯಿತಿಗೆ 4 ಎಂದು ಇಳಿಯಿತು. ಮೇಲಿನ ಉದಾಹರಣೆಯ ಚದುರುವಿಕೆಯನ್ನೇ ಇಟ್ಟುಕೊಂಡು 16 ಚೌಕ ಕೊಯ್ದಿದ್ದರೆ ‘ಟಿ’ಯ ಗುಣಕ 2.13ಕ್ಕೆ ಇಳಿದು, ಮಿತಿ ಎಕರೆಗೆ 6.2ರಿಂದ 8.4 ಕ್ವಿಂಟಲ್‌ಗೆ ಬಿಗಿಯಾಗುತ್ತಿತ್ತು. ದೊಡ್ಡ ಘಟಕದಲ್ಲಿ ಅಂಕಿ ಗಟ್ಟಿ, ಆದರೆ ಅದು ಆ ಊರಿನ ಅಂಕಿಯಲ್ಲ. ಚಿಕ್ಕ ಘಟಕದಲ್ಲಿ ಅಂಕಿ ಆ ಊರಿನದೇ, ಆದರೆ ಸಡಿಲ. ಪಂಚಾಯಿತಿಯನ್ನೇ ಘಟಕವಾಗಿಟ್ಟು 16 ಚೌಕ ಕೊಯ್ಯಬಹುದಲ್ಲ ಎಂದರೆ, ಕೊಯ್ಲಿನ ಎರಡು ಮೂರು ವಾರಗಳಲ್ಲಿ ಅಷ್ಟು ಹೊಲಗಳಿಗೆ ಓಡಾಡುವ ನೌಕರರಿಲ್ಲ. ಇರುವವರಿಗೇ ಪಹಣಿ, ಸಮೀಕ್ಷೆ, ಚುನಾವಣೆಯ ನೂರೆಂಟು ಕೆಲಸ. ಭತ್ತ ಮತ್ತು ಗೋಧಿಗೆ 2023ರ ಮುಂಗಾರಿನಿಂದ ಉಪಗ್ರಹ ಮತ್ತಿತರ ತಂತ್ರಜ್ಞಾನ ಆಧರಿತ ಅಂದಾಜಿಗೂ ಕನಿಷ್ಠ ಶೇ 30 ತೂಕ ಕೊಡುವ ಕ್ರಮ ಬಂದಿದೆ. ಆಕಾಶದಿಂದ ನೋಡುವ ಕಣ್ಣಿಗೂ ತನ್ನದೇ ತಪ್ಪುಗಳಿವೆ. ಅದು ಸರಿಯೋ ಎಂದು ತಾಳೆ ನೋಡಲು ಮತ್ತೆ ಹೊಲದಲ್ಲಿ ಗೂಟ ಹೊಡೆಯಲೇಬೇಕು.

ಖರ್ಚಿಲ್ಲದೆ ಆಗಬಹುದಾದ ಕೆಲಸವೊಂದಿದೆ. ನಾಲ್ಕು ಚೌಕಗಳ ನಾಲ್ಕು ತೂಕಗಳೂ ಬೇರೆ ಬೇರೆಯಾಗಿ ದಾಖಲಾಗಿಯೇ ಇರುತ್ತವೆ. ಸರಾಸರಿಯ ಪಕ್ಕದಲ್ಲಿ ಆ ನಾಲ್ಕನ್ನೂ, ಅವುಗಳಿಂದ ಬರುವ ಮಿತಿಯನ್ನೂ ಪಂಚಾಯಿತಿಯ ಗೋಡೆಗೆ ಅಂಟಿಸಬಹುದು. ಸಂಕಲನ, ವ್ಯವಕಲನ, ಒಂದು ವರ್ಗಮೂಲ, ಮತ್ತು 3.18 ಎಂಬ ಒಂದು ಅಂಕಿ. ಹೈಸ್ಕೂಲಿನ ಮಕ್ಕಳು ಮಾಡುವ ಲೆಕ್ಕ.

ಗಾಸೆಟ್ ಕೊನೆಯವರೆಗೂ ಗಿನ್ನೆಸ್ ಕಂಪನಿಯಲ್ಲೇ ಇದ್ದ. 1935ರಲ್ಲಿ ಲಂಡನ್ನಿನ ಹೊಸ ಕಾರ್ಖಾನೆಗೆ ಹೋದ. ಕೊನೆಯ ವರ್ಷಗಳಲ್ಲಿ ಗೆಳೆಯ ಫಿಶರ್‌ನೊಡನೆ ಅವನಿಗೆ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯ ಬಂತು. ಪ್ರಯೋಗದ ತಾಕುಗಳನ್ನು ಸಂಪೂರ್ಣವಾಗಿ ಅದೃಷ್ಟಕ್ಕೆ ಬಿಟ್ಟು ಹಂಚಬೇಕೆಂದು ಫಿಶರ್. ಹೊಲದ ಯಾವ ಬದಿಯಲ್ಲಿ ಸಾರ ಹೆಚ್ಚು, ಯಾವ ಬದಿಯಲ್ಲಿ ಕಡಿಮೆ ಎಂಬುದು ಕಣ್ಣಿಗೆ ಕಾಣುತ್ತಿರುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಸಮತೂಕವಾಗಿ ಹಂಚಬೇಕೆಂದು ಗಾಸೆಟ್. ದಿಣ್ಣೆಯ ಹೊಲ, ತಗ್ಗಿನ ಹೊಲ ಎರಡೂ ಇರುವ ಊರಿನವರಿಗೆ ಈ ಜಗಳದಲ್ಲಿ ಯಾರ ಪಕ್ಷ ಹಿಡಿಯಬೇಕೆಂದು ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಾರದು.